ಸೀಸಕ್ಕೆ ಬಂದ ಕಾಯಿಲೆ

"ಇದು ನನ್ನ ಮೂರು ವರ್ಷದ ತಪಸ್ಸು" ಎಂದು ಡಾಕ್ಟರ್ ರಾಮಪ್ರಸಾದ್ ಒಂದು ವೀಡಿಯೊದಲ್ಲಿ ಹೇಳಿದ್ದನ್ನು ಸೋಮಸುಂದರಂ ಹದಿನೇಳು ಸಲ ಕೇಳಿದ. ಮೊದಲ ಸಲ ಕೇಳಿದ್ದು ಪಲ್ಲಡಂ ಬಸ್ ನಿಲ್ದಾಣದ ಗದ್ದಲದಲ್ಲಿ, ಫೋನನ್ನು ಕಿವಿಗೆ ಒತ್ತಿ ಹಿಡಿದು. ಉಳಿದ ಹದಿನಾರು ಸಲ ಕೇಳಿದ್ದು ಬೇಕೆಂದೇ; ನೋಯುವ ಹಲ್ಲನ್ನು ನಾಲಿಗೆಯಿಂದ ಮತ್ತೆ ಮತ್ತೆ ಮುಟ್ಟಿ ನೋಡುವವರ ಹಾಗೆ.

ವೀಡಿಯೊದಲ್ಲಿ ಡಾಕ್ಟರರ ಅಂಗೈ ಮೇಲೆ ಆರು ಕಾಲಿನ ಒಂದು ಯುದ್ಧದ ಗಾಡಿ ಕೂತಿತ್ತು. ನಾಲ್ಕು ಬೆರಳು ಉದ್ದ, ಮೂರು ಬೆರಳು ಎತ್ತರ. ಮೇಜಿನ ಮೇಲೆ ಯುದ್ಧದಾಟ ಆಡುವವರಿಗಾಗಿ ನಲವತ್ತು ವರ್ಷದ ಹಿಂದೆ ಇಂಗ್ಲೆಂಡಿನಲ್ಲಿ ಸೀಸ ಎರಕ ಹೊಯ್ದು ಮಾಡಿದ್ದು. ನಮ್ಮ ಭೂಮಿಯ ಯುದ್ಧವಲ್ಲ, ಬೇರೆ ಗ್ರಹಗಳದ್ದು, ಇನ್ನೂ ಬಾರದ ಶತಮಾನದ್ದು. ಗಾಲಿಯೇ ಇಲ್ಲದೆ ತೇಲುವ ಟ್ಯಾಂಕು, ಏಡಿಯಂತೆ ಅಡ್ಡ ನಡೆಯುವ ಫಿರಂಗಿ, ಹೊಟ್ಟೆಯೊಳಗೆ ಸೈನಿಕರನ್ನು ತುಂಬಿಕೊಂಡ ಉಕ್ಕಿನ ಜೀರುಂಡೆ. ಇಂಥವನ್ನು ಹುಡುಕಿ ಕೂಡಿಡುವ ಹುಚ್ಚು ಲೋಕದಲ್ಲಿ ಎಷ್ಟೋ ಜನಕ್ಕಿದೆ. ಕೊಯಮತ್ತೂರಿನಲ್ಲಿ ಆ ಹುಚ್ಚು ಹಿಡಿದಿದ್ದು ಹಲ್ಲಿನ ಡಾಕ್ಟರ್ ರಾಮಪ್ರಸಾದರಿಗೆ.

ಆದರೆ ಆ ಆರು ಕಾಲಿನ ಗಾಡಿ ಅಂಚೆಯಲ್ಲಿ ಬಂದಾಗ ಅದಕ್ಕೆ ಇದ್ದದ್ದು ನಾಲ್ಕೇ ಕಾಲು. ಯಾವುದೋ ಮಗು ಗೋಡೆಯ ಬಣ್ಣವನ್ನು ಮೂರು ಪದರ ಮೆತ್ತಿತ್ತು. ಆ ಬಣ್ಣವನ್ನು ಹಲ್ಲುಜ್ಜುವ ಬ್ರಷ್ಷಿನಿಂದ ಕೂದಲೆಳೆಯಷ್ಟು ಕೂದಲೆಳೆಯಷ್ಟಾಗಿ ಬಿಡಿಸಿದವನು ಸೋಮಸುಂದರಂ. ಇಲ್ಲದ ಎರಡು ಕಾಲನ್ನು ಅಚ್ಚು ತೆಗೆದು ಎರಕ ಹೊಯ್ದವನು ಅವನು. ಮುರಿದ ಫಿರಂಗಿಯ ಜಾಗಕ್ಕೆ ಇಂಜೆಕ್ಷನ್ ಸೂಜಿಯನ್ನು ಕತ್ತರಿಸಿ ಕೂರಿಸಿದವನು ಅವನು. ತಿರುಪ್ಪೂರಿನ ಸಾಯಪಟ್ಟರೆಯಲ್ಲಿ, ಬಟ್ಟೆಗೆ ಬಣ್ಣ ಹಾಕುವ ಕಾರ್ಖಾನೆಯಲ್ಲಿ, ಇಪ್ಪತ್ತಾರು ವರ್ಷ ಬಟ್ಟೆಯ ಬಣ್ಣ ಹೊಂದಿಸಿದ ಕಣ್ಣು ಅವನದು. ನಲವತ್ತು ವರ್ಷದ ಹಿಂದಿನ ಹಸಿರು ಹೇಗೆ ಮಾಸಿರಬೇಕೋ ಹಾಗೇ ಮಾಸಿದ ಹಸಿರನ್ನು ಮಾಡಬಲ್ಲವನು. ಡಾಕ್ಟರ ಬಳಿಯಿದ್ದ ನಲವತ್ತೊಂದು ಗಾಡಿಗೂ ಅವನದೇ ಕೈ.

ವೀಡಿಯೊ ಮಾಡುತ್ತಿದ್ದ ಹುಡುಗಿ ಕೇಳಿಯೂ ಕೇಳಿದಳು, "ಇವನ್ನೆಲ್ಲ ಇಷ್ಟು ಚೆನ್ನಾಗಿ ರಿಪೇರಿ ಮಾಡಿದ್ಯಾರು ಸಾರ್?" ಎಂದು. ಡಾಕ್ಟರು ನಕ್ಕರು. "ಅದು ಈಗ ಕೇಳಬೇಡಮ್ಮ, ಮನೆ ಗುಟ್ಟು" ಎಂದರು. ಕೆಳಗೆ ಜನ ಬರೆದಿದ್ದರು: ಹಲ್ಲಿನ ಡಾಕ್ಟರ ಕೈ ಅಲ್ಲವೇ, ಅದಕ್ಕೇ ಅಷ್ಟು ನಾಜೂಕು. ಆ ಮಾತಿಗೆ ಡಾಕ್ಟರು ಒಂದು ಕೈಮುಗಿಯುವ ಚಿತ್ರ ಹಾಕಿದ್ದರು.

ಆವತ್ತಿನಿಂದ ಸೋಮಸುಂದರನ ಮನಸ್ಸಿನಲ್ಲಿ 'ಡಾಕ್ಟರು' ಹೋಗಿ ಬರೀ 'ರಾಮಪ್ರಸಾದ್' ಉಳಿದ.

ಸಣ್ಣ ಸಣ್ಣ ಗಾಯಗಳೆಲ್ಲ ಆಗ ಒಟ್ಟಿಗೆ ಕೀವು ತುಂಬಿಕೊಂಡವು. ನೆಂಟರು ಬಂದಾಗ "ಇವನು ನಮ್ಮ ಪೈಂಟ್ ಸೋಮು" ಎನ್ನುತ್ತಿದ್ದದ್ದು. ರಾಮಪ್ರಸಾದನಿಗಿಂತ ಆರು ವರ್ಷ ದೊಡ್ಡವನು ಅವನು, ಆದರೂ ಸೋಮು! ಸೋಫಾ ಖಾಲಿ ಇದ್ದರೂ ಪ್ಲಾಸ್ಟಿಕ್ ಸ್ಟೂಲನ್ನು ಕಾಲಿನಿಂದ ಮುಂದಕ್ಕೆ ತಳ್ಳುತ್ತಿದ್ದದ್ದು. ಒಮ್ಮೆ ಚೆನ್ನೈನ ಸಂಗ್ರಾಹಕನೊಬ್ಬ ಫೋನಿನಲ್ಲಿ "ನಿಮ್ಮ ಕೆಲಸದವನ ನಂಬರ್ ಕೊಡಿ" ಎಂದಾಗ, ಎದುರಿಗೇ ಕೂತಿದ್ದ ಸೋಮಸುಂದರನನ್ನು ನೋಡುತ್ತ "ಸ್ವಲ್ಪ ದಿನ ತಾಳಿ" ಎಂದದ್ದು. ಆ ನಂಬರ್ ಕೊಟ್ಟಿದ್ದರೆ ಅವನು ಸಾಯಪಟ್ಟರೆಯ ಹಬೆಯಿಂದ ಹೊರಗೆ ಬರುತ್ತಿದ್ದ. ಈ ಕೈಕಸುಬಿನಿಂದಲೇ ಬದುಕುತ್ತಿದ್ದ. ಅದಕ್ಕೆ ಬೇಕಾಗಿದ್ದದ್ದು ಒಂದೇ: ಈ ಕೈ ಪಲ್ಲಡಂ ಸೋಮಸುಂದರನದು ಎಂದು ನಾಲ್ಕು ಜನಕ್ಕೆ ಗೊತ್ತಾಗುವುದು. ಅದನ್ನೇ ರಾಮಪ್ರಸಾದ್ ನುಂಗಿ ನೀರು ಕುಡಿದಿದ್ದ.

ಹೆಂಡತಿ ಸತ್ಯಾ ತಟ್ಟೆಯ ಮುಂದೆ ಕೂತವನ ಮುಖ ನೋಡಿದಳು.

"ಏನದು ಮೋರೆ, ಕೆಂಪು ಹಾಕಕ್ ಹೋಗಿ ಕಂದು ಬಂದಂಗೆ?"

ಅವನು ಹೇಳಿದ. ಅವಳು ಅನ್ನಕ್ಕೆ ರಸ ಬಡಿಸುತ್ತ, "ಅಷ್ಟೇ ತಾನೇ? ನೇರಾ ಹೋಗಿ ಅವರನ್ನೇ ಕೇಳಿಬಿಡಿ. ಬಾಯಿಲ್ವಾ ನಿಮಗೆ? ಇಲ್ಲಿ ನನ್ ಹತ್ರ ಮಾತ್ರ ಇಷ್ಟುದ್ದ ಬರ್ತದೆ" ಎಂದಳು.

"ಬೇಡಿ ಇಸ್ಕೊಳ್ಳಕ್ಕೆ ಅದೇನು ಭಿಕ್ಷೆಯಾ?"

"ಶರಿ, ಕೇಳ್ಬೇಡಿ. ಉರ್ಕೊಂಡೇ ಇರಿ. ಗ್ಯಾಸ್ ಆದ್ರೂ ಮಿಗ್ತದೆ."

ಅವನು ಕೇಳಲಿಲ್ಲ. ಉರಿದುಕೊಂಡೇ ಇದ್ದ. ಬೆಂಕಿ ಹದವಾಗಿ ಕೂತ ಮೇಲೆ ಯೋಚನೆಗೂ ಒಂದು ಹದ ಬಂತು.

ಕದಿಯುವುದು ಮೂರ್ಖತನ. ಕದ್ದರೆ ಪೊಲೀಸು ಬರುತ್ತದೆ, ಪೊಲೀಸು ಮೊದಲು ಹುಡುಕುವುದು ಮನೆಗೆ ಬಂದು ಹೋಗುವ ಬಡವನನ್ನು. ಒಡೆಯುವುದೂ ಮೂರ್ಖತನ. ಒಡೆದ ವಸ್ತು ಒಡೆದವನು ಯಾರೆಂದು ಕೇಳುತ್ತದೆ. ಯಾರೂ ಮಾಡಿದಂತೆ ಕಾಣಬಾರದು. ತಾನಾಗೇ ಬಂದಂತೆ ಇರಬೇಕು, ವಯಸ್ಸಾದವರಿಗೆ ಕಾಯಿಲೆ ಬಂದಂತೆ. ಸೀಸಕ್ಕೆ ಅಂಥದೊಂದು ಕಾಯಿಲೆ ಇದೆ. ಹಳೆಯ ಸೀಸಕ್ಕೆ ಹುಳಿ ಗಾಳಿ ತಾಕಿ, ಜೊತೆಗೆ ಕೊಂಚ ತೇವ ಸೇರಿದರೆ ಸಾಕು, ಮೈಮೇಲೆ ಬಿಳಿ ಬೂಷ್ಟು ಏಳುತ್ತದೆ. ಮೊದಲು ಹಿಟ್ಟು ಉದುರಿಸಿದ ಹಾಗೆ, ಆಮೇಲೆ ಹುಣ್ಣಿನ ಹಾಗೆ. ಕೊನೆಗೆ ಮುಟ್ಟಿದರೆ ಬೆರಳಿಗೆ ಪುಡಿ. ಬಣ್ಣ ಹೊಡೆದ ಕಡೆ ತಡವಾಗುತ್ತದೆ, ಬರೀ ಲೋಹ ಇರುವ ಕಡೆ ಬೇಗ. ಈ ಗಾಡಿಗಳ ಹೊಟ್ಟೆಗೆ ಬಣ್ಣ ಹೊಡೆಯುವ ವಾಡಿಕೆಯಿಲ್ಲ. ಮಾಡಿದವರ ಗುರುತೂ ಇಸವಿಯೂ ಅಲ್ಲೇ ಇರುತ್ತವೆ, ಸಂಗ್ರಾಹಕರು ಮೊದಲು ತಿರುಗಿಸಿ ನೋಡುವುದೇ ಅಲ್ಲಿ. ಕಾಯಿಲೆ ಹೊಟ್ಟೆಯಿಂದ ಹತ್ತಿ ಬಣ್ಣದ ಅಡಿಯಲ್ಲೇ ಮೈಗೆಲ್ಲ ಹರಿಯುತ್ತದೆ.

ಹುಳಿಗಾಗಿ ಅವನು ಎಲ್ಲಿಗೂ ಹೋಗಬೇಕಾಗಿರಲಿಲ್ಲ. ಸಾಯಪಟ್ಟರೆಯಲ್ಲಿ ಬಣ್ಣ ಬಟ್ಟೆಗೆ ಹಿಡಿಯಲೆಂದು ಅಸಿಟಿಕ್ ಆಸಿಡ್ಡನ್ನು ಕ್ಯಾನುಗಟ್ಟಲೆ ಸುರಿಯುತ್ತಾರೆ. ಅರ್ಧ ಲೀಟರ್ ಹೋದರೆ ಯಾರಿಗೂ ಲೆಕ್ಕವಿಲ್ಲ. ಅವನ ಅಂಗಿ, ಊಟದ ಡಬ್ಬಿ, ತಲೆಗೂದಲು ಎಲ್ಲವೂ ವರ್ಷಗಳಿಂದ ಆ ವಾಸನೆಯೇ. ಬಸ್ಸಿನಲ್ಲಿ ಪಕ್ಕದವರು ಮೂಗು ತಿರುಗಿಸಿದರೂ ಅದು ಅವನ ಪಾಲಿಗೆ ಮೈಬೆವರಿನಷ್ಟೇ ಸಹಜ.

ಅವಕಾಶವನ್ನು ರಾಮಪ್ರಸಾದನೇ ಕರೆದು ಕೊಟ್ಟ. ಆಡಿ ತಿಂಗಳ, ಅಂದರೆ ಆಷಾಢದ, ಮೊದಲ ವಾರದಲ್ಲಿ ಫೋನ್ ಬಂತು. ಮಾಳಿಗೆಯ ಮೇಲೆ ಗಾಡಿಗಳಿಗೆಂದೇ ಒಂದು ಕೋಣೆ ಸಿದ್ಧವಾಗುತ್ತಿದೆ, ಆಯುಧಪೂಜೆಯ ದಿನ ಪ್ರವೇಶ, ಚೆನ್ನೈ ಕಡೆಯಿಂದ ಸಂಗ್ರಾಹಕರು ಬರುತ್ತಾರೆ. ಗಾಜಿನ ಕಪಾಟು ಬಂದಾಗಿದೆ. "ನೆಲ ಪಾಲಿಶು, ಪೈಂಟು ಇನ್ನೂ ಬಾಕಿ ಸೋಮು. ಧೂಳು ಒಳಗೆ ಹೋಗದಂಗೆ ನೀನೇ ಬಂದು ಗಾಡಿ ಜೋಡಿಸಿ ಪ್ಯಾಕ್ ಮಾಡಿಬಿಡು. ಬೇರೆ ಯಾರೂ ಮುಟ್ಟಬಾರದು, ನಾನೂ ಮುಟ್ಟಲ್ಲ."

ಸಿಂಗಾನಲ್ಲೂರಿನಲ್ಲಿ ಬಸ್ಸು ಬದಲಾಯಿಸಿ ಅವನು ಹೋದ. ಕೈಚೀಲದಲ್ಲಿ ಬನಿಯನ್ ಬಟ್ಟೆಯ ಚೂರುಗಳಲ್ಲಿ ಹೊಲಿದ ಎಂಟು ಪೊಟ್ಟಣ. ತೇವ ಹೀರಲೆಂದು ಕಪಾಟಿನ ತಳದ ಡ್ರಾಯರಿನಲ್ಲಿ ಇಡುವಂಥವು. ಈ ಮೊದಲೂ ಅವನೇ ಹೊಲಿದು ಕೊಟ್ಟಿದ್ದ. ಈ ಸಲ ಅವುಗಳೊಳಗೆ ತೇವ ಹೀರುವ ಹರಳಿನ ಬದಲು ಆಸಿಡ್ಡಿನಲ್ಲಿ ಅದ್ದಿದ ಹತ್ತಿ ಇತ್ತು. ಮೇಲೊಂದು ಪ್ಲಾಸ್ಟಿಕ್ ಚೀಲ, ಅದರ ಬಾಯಿಗೆ ಗಂಟು.

ಬಾಗಿಲಲ್ಲಿ ರಾಮಪ್ರಸಾದನ ತಾಯಿ ಸುಂದರಮ್ಮ ಸಿಕ್ಕರು. ಎಂಬತ್ತು ದಾಟಿದವರು, ಮೈಸೂರಿನ ಕಡೆಯಿಂದ ಈ ಮನೆಗೆ ಸೊಸೆಯಾಗಿ ಬಂದವರು.

"ಬನ್ನಿ ಸೋಮಣ್ಣ. ಸಾಪಾಟು ಆಯ್ತಾ?"

"ಆಯ್ತಮ್ಮ."

"ಸುಳ್ಳು. ಹೊಟ್ಟೆ ಬೆನ್ನಿಗೆ ಅಂಟಿದೆ. ಕೆಲಸ ಮುಗಿಸಿ ಕೆಳಗ್ ಬನ್ನಿ, ಎರಡು ಇಡ್ಲಿ ತಿಂದ್ರೆ ನಿಮ್ಮ ಗಂಟೇನೂ ಹೋಗಲ್ಲ."

ಆ ಮುದುಕಿಯ ಮೇಲೆ ಅವನಿಗೆ ಸಿಟ್ಟಿರಲಿಲ್ಲ. ಅದೇ ಅವನಿಗೆ ಇನ್ನಷ್ಟು ಸಿಟ್ಟು ತರಿಸಿತು. ಈ ತಾಯಿಯ ಹೊಟ್ಟೆಯಲ್ಲಿ ಅಂಥವನು!

ಕಪಾಟು ಉಕ್ಕು ಮತ್ತು ಗಾಜಿನದು, ಬಾಗಿಲಿನ ಸುತ್ತ ರಬ್ಬರ್ ಪಟ್ಟಿ. ಮರದ ಕಪಾಟು ಬೇಡ, ಮರದ ಹುಳಿಯೇ ಸೀಸಕ್ಕೆ ಶತ್ರು ಎಂದು ಹಿಂದೆ ಹೇಳಿಕೊಟ್ಟವನೂ ಅವನೇ. ನಲವತ್ತೊಂದು ಗಾಡಿಯನ್ನೂ ಒಂದೊಂದಾಗಿ ಎತ್ತಿ ಸಾಲಾಗಿ ಇಟ್ಟ. ಪ್ರತಿಯೊಂದನ್ನೂ ಇಡುವಾಗ ಆ ಮಾತು ಕಿವಿಯಲ್ಲಿ ಬಡಿಯುತ್ತಿತ್ತು: ನನ್ನ ತಪಸ್ಸು, ನನ್ನ ತಪಸ್ಸು. ಇಗೋ ನಿನ್ನ ತಪಸ್ಸು. ಪೊಟ್ಟಣಗಳ ಗಂಟು ಬಿಚ್ಚಿ ಡ್ರಾಯರಿನಲ್ಲಿ ಹರಡಿದ. ತೂತುಗಳಿರುವ ಉಕ್ಕಿನ ಹಲಗೆಯ ಮೂಲಕ ವಾಸನೆ ಮೇಲೇರುವುದು ಮೂಗಿಗೆ ತಿಳಿಯಿತು. ಬಾಗಿಲು ಹಾಕಿದ. ಇಡೀ ಕಪಾಟನ್ನು ನೆತ್ತಿಯಿಂದ ಪಾದದ ತನಕ ಬಟ್ಟೆಯಿಂದ ಒರೆಸಿ, ದಪ್ಪ ಕಪ್ಪು ಪ್ಲಾಸ್ಟಿಕ್ ಹಾಳೆಯನ್ನು ಮೂರು ಸುತ್ತು ಸುತ್ತಿ ಟೇಪು ಅಂಟಿಸಿದ. ಕೋಣೆಯೊಳಗೆ ಆಗಲೇ ವಾರ್ನಿಷ್ ಘಾಟು ತುಂಬಿತ್ತು. ಆ ಘಾಟಿನ ಎದುರು ಯಾವ ಹುಳಿಯೂ ನಿಲ್ಲದು.

ಕೆಳಗೆ ಬಂದು ಇಡ್ಲಿ ತಿಂದ. ಎರಡಲ್ಲ, ನಾಲ್ಕು.

ಆಡಿ ಗಾಳಿ ಬೀಸಿತು. ಪಾಲಕ್ಕಾಡು ಕಣಿವೆಯ ಕಡೆಯಿಂದ ಜಿನುಗು ಮಳೆ ಬಂತು, ಗಾಳಿಯಲ್ಲಿ ತೇವ ನಿಂತಿತು. ಸಾಯಪಟ್ಟರೆಯ ಹಬೆಯಲ್ಲಿ ನಿಂತು ಅವನು ದಿನ ಎಣಿಸಿದ. ಮೊದಲ ವಾರ ಹೊಳಪು ಹೋಗುತ್ತದೆ. ಮೂರನೇ ವಾರ ಹೊಟ್ಟೆಯಲ್ಲಿ ಬಿಳಿ. ಎರಡನೇ ತಿಂಗಳು ಕಾಲಿನ ಸಂದುಗಳು ಬಾಯಿ ಬಿಡುತ್ತವೆ. ರಾಮಪ್ರಸಾದ್ ನಡುವೆ ಎರಡು ಸಲ ಫೋನ್ ಮಾಡಿ, "ಆಯುಧಪೂಜೆಗೆ ನೀನು ಬರಲೇಬೇಕು, ಸತ್ಯಾನೂ ಕರ್ಕೊಂಡು ಬಾ, ಹೊಸ ಅಂಗಿ ಹಾಕ್ಕೊಂಡು ಬಾ" ಎಂದ. ಹೊಸ ಅಂಗಿಯಂತೆ! ನೆಂಟರ ಮುಂದೆ ಪೈಂಟಿನವನು ಚೊಕ್ಕಟವಾಗಿ ಕಾಣಬೇಕಲ್ಲ ಇವನಿಗೆ. ಬರುತ್ತೇನೆ ಸಾರ್ ಎಂದ ಸೋಮಸುಂದರಂ. ಬಾರದೆ ಇರುವೆನೇ ಎಂದು ಒಳಗೇ ಹಲ್ಲು ಕಡಿದ.

ಹಬ್ಬದ ಹಿಂದಿನ ದಿನ ಮಧ್ಯಾಹ್ನ, ತೇವದ ಪೊಟ್ಟಣ ಬದಲಾಯಿಸಬೇಕೆಂದು ಹೇಳಿ ಅವನು ಮತ್ತೆ ಹೋದ. ಇದು ಯೋಜನೆಯ ಅತಿ ಮುಖ್ಯ ಭಾಗ. ಕೋಣೆಯ ಕಿಟಕಿಗಳನ್ನೆಲ್ಲ ತೆರೆದ. ಪ್ಲಾಸ್ಟಿಕ್ಕಿನ ಕೆಳಗಿನ ಅಂಚನ್ನಷ್ಟೇ ಬಿಡಿಸಿ, ಡ್ರಾಯರು ಎಳೆದು ಹಳೆಯ ಎಂಟು ಪೊಟ್ಟಣ ತೆಗೆದು ಡ್ರಾಯರನ್ನು ಹುಳಿ ಮುರಿಯುವ ಸೋಡಾ ನೀರಿನ ಬಟ್ಟೆಯಿಂದ ಒರೆಸಿದ. ನಿಜವಾದ ಹರಳು ತುಂಬಿದ ಎಂಟು ಹೊಸ ಪೊಟ್ಟಣ ಇಟ್ಟ. ಇನ್ನು ಯಾರು ಬೇಕಾದರೂ ಬರಲಿ, ಮೂಸಲಿ, ಪರೀಕ್ಷೆ ಮಾಡಿಸಲಿ.

ಎಲ್ಲ ಮುಗಿದ ಮೇಲೆ, ಬೇಡವೆಂದುಕೊಂಡರೂ, ಫೋನಿನ ದೀಪ ಹಾಕಿ ತೂತು ಹಲಗೆಯ ಕೆಳಗಿನಿಂದ ಮೇಲೆ ನೋಡಿದ. ಆರು ಕಾಲಿನ ಗಾಡಿಯ ಹೊಟ್ಟೆ ಕಂಡಿತು. ಸುಣ್ಣದ ಉಂಡೆಯಂತೆ ಬೆಳ್ಳಗೆ. ಅವನೇ ಎರಕ ಹೊಯ್ದ ಎರಡು ಕಾಲು ಕೀಲಿನ ಬಳಿ ಬಿರಿದು ನಿಂತಿದ್ದವು. ಆ ಕಾಲುಗಳಿಗೆ ಅವನು ಒಂಬತ್ತು ಸಲ ಅಚ್ಚು ಕೆಡಿಸಿ ಹತ್ತನೆಯ ಸಲ ಗೆದ್ದಿದ್ದ. ಒಂದು ಗಳಿಗೆ, ಬರೀ ಒಂದು ಗಳಿಗೆ, ಪ್ಲಾಸ್ಟಿಕ್ ಹರಿದು ಎಲ್ಲವನ್ನೂ ಸೋಡಾ ನೀರಿಗೆ ಹಾಕಿಬಿಡಲೇ ಎನ್ನಿಸಿತು. ಆಗ ಕೆಳಗಿನಿಂದ ರಾಮಪ್ರಸಾದನ ದನಿ ಕೇಳಿತು: "ಸೋಮೂ, ಆಯ್ತೇನೋ?"

'ಆಯ್ತೇನೋ' ಅಂತೆ! ಅವನು ದೀಪ ಆರಿಸಿದ.

ಆಯುಧಪೂಜೆಯ ಬೆಳಗ್ಗೆ ಆ ಕೋಣೆಯಲ್ಲಿ ಹದಿನೈದು ಜನ ಸೇರಿದ್ದರು. ಚೆನ್ನೈನವನೂ ಇದ್ದ. ಬೆಳ್ಳಿ ತಟ್ಟೆಯಲ್ಲಿ ಗಂಧ ಕುಂಕುಮ ಹಿಡಿದು ಸುಂದರಮ್ಮ ನಿಂತಿದ್ದರು. ರಸ್ತೆಯ ಗಾಡಿಗಳಿಗಿರುವ ಪೂಜೆ ಈ ಗಾಡಿಗಳಿಗೂ ಇರಲಿ ಎಂಬುದು ಅವರ ಆಸೆ. ಅವರ ಪಕ್ಕದಲ್ಲಿ ವಿಜಯಕುಮಾರಿ ಎಂಬ ಹಿರಿಯ ಹೆಂಗಸು. ವಸ್ತುಸಂಗ್ರಹಾಲಯದಲ್ಲಿ ಹಳೆಯ ಲೋಹದ ವಿಗ್ರಹಗಳನ್ನು ಕಾಪಾಡುತ್ತ ಮೂವತ್ತು ವರ್ಷ ಕಳೆದು ನಿವೃತ್ತರಾದವರಂತೆ. ಬರಲಿ, ಇನ್ನೂ ಒಳ್ಳೆಯದು ಎಂದುಕೊಂಡ ಸೋಮಸುಂದರಂ. ಸತ್ಯಾಳನ್ನು ಮನೆಯಲ್ಲೇ ಬಿಟ್ಟು ಬಂದಿದ್ದ; ಹೊಸ ಅಂಗಿ ಹಾಕಿ ಮುಂದಿನ ಸಾಲಿನಲ್ಲೇ ನಿಂತ.

ರಾಮಪ್ರಸಾದ್ ಕತ್ತರಿಯಿಂದ ಪ್ಲಾಸ್ಟಿಕ್ ಸೀಳಿದ. ಒಂದು ಸುತ್ತು, ಎರಡು ಸುತ್ತು, ಮೂರು.

ಗಾಜಿನ ಹಿಂದೆ ನಲವತ್ತೊಂದು ಹೆಣ. ಹಸಿರು ಬಣ್ಣ ಬೊಕ್ಕೆ ಬೊಕ್ಕೆಯಾಗಿ ಎದ್ದು ಒಡೆದಿತ್ತು, ಒಡೆದ ಕಡೆಯೆಲ್ಲ ಬಿಳಿ ಪುಡಿ. ಆರು ಕಾಲಿನ ಗಾಡಿ ಮಂಡಿಯೂರಿತ್ತು. ರಾಮಪ್ರಸಾದ್ ಬಾಗಿಲು ತೆರೆದು ಅದನ್ನು ಎತ್ತಿಕೊಳ್ಳಲು ಹೋದ. ಅದು ಬೆರಳುಗಳ ನಡುವೆಯೇ ಉದುರಿತು. ಅವನ ಮುಖವನ್ನು ಸೋಮಸುಂದರಂ ಕಣ್ತುಂಬ ನೋಡಿದ. ಹದಿನೇಳು ಸಲ ಕೇಳಿದ ಮಾತಿಗೆ ಇದು ಉತ್ತರ. ಸಾಕಷ್ಟು ನೋಡಿದ ಮೇಲೆ, "ಸೀಸಕ್ಕೆ ಬರೋ ಕಾಯಿಲೆ ಸಾರ್, ಯಾರೇನು ಮಾಡಕ್ಕಾಗ್ತದೆ" ಎಂದ.

"ಅದು ಹೇಗೆ?" ಎಂದರು ವಿಜಯಕುಮಾರಿ, ತಮಿಳಿನಲ್ಲಿ. ಕನ್ನಡಕ ಏರಿಸಿ ಗಾಡಿಗಳನ್ನು ಒಂದೊಂದಾಗಿ ತಿರುಗಿಸಿ ನೋಡಿದರು. ಕಪಾಟನ್ನು ತಟ್ಟಿದರು. ಪೊಟ್ಟಣ ಎತ್ತಿ ಮೂಸಿದರು. "ತಾನಾಗೇ ಬಂದರೆ ಒಂದಕ್ಕೆ ಬರುತ್ತೆ, ಎರಡಕ್ಕೆ ಬರುತ್ತೆ. ನಲವತ್ತೊಂದಕ್ಕೂ ಒಂದೇ ಅಳತೆಯಲ್ಲಿ ಬರುತ್ತದೆಯೇ? ಕಪಾಟಿನಲ್ಲಿ ಮರವಿಲ್ಲ. ಪೊಟ್ಟಣ ಶುದ್ಧವಾಗಿದೆ. ಅಂದರೆ ಆಸಿಡ್ಡು ಗಾಡಿಗಳ ಮೈಯಲ್ಲೇ ಒಳಗೆ ಬಂದಿದೆ. ಹಳೇ ಬಣ್ಣವನ್ನು ಆಸಿಡ್ಡಿನಿಂದ ಬಿಡಿಸಿದ ಯಾವನೋ ಸರಿಯಾಗಿ ತೊಳೆದಿಲ್ಲ. ಇದು ಕೊಲೆ, ಕೈಲಾಗದವನು ಮಾಡಿದ ಕೊಲೆ."

ಸೋಮಸುಂದರನಿಗೆ ನಗು ತಡೆಯುವುದೇ ಕಷ್ಟವಾಯಿತು. ಇದನ್ನು ಅವನು ಎಣಿಸಿರಲಿಲ್ಲ; ಇದು ಮೇಲಿನ ಲಾಭ. ಮಾಡಿದ್ದು ನಾನೇ ಎಂದು ಲೋಕಕ್ಕೆಲ್ಲ ಸಾರಿಕೊಂಡವನು ಯಾರು? ಹಲ್ಲಿನ ಡಾಕ್ಟರ ನಾಜೂಕು ಕೈಯಲ್ಲವೇ? ಹೊತ್ತುಕೊಳ್ಳಲಿ ಈಗ! ಅವನು ಎಲ್ಲರಿಗೂ ಕೇಳುವಂತೆ ಗಂಟಲು ಸರಿಮಾಡಿಕೊಂಡ.

"ಅಮ್ಮ ಹೇಳೋದು ಸತ್ಯ. ನಾನೂ ಇಪ್ಪತ್ತಾರು ವರ್ಷ ಆಸಿಡ್ಡಿನ ಜೊತೆ ಬದುಕಿದವನು. ಇದು ತೊಳೆದವನ ತಪ್ಪೇ. ತೊಳೆಯಕ್ಕೆ ಬರದೇ ಇರೋನು ಇದಕ್ಕೆ ಕೈ ಹಾಕಬಾರದು. ಅಂಥವನ ಹತ್ರ ಯಾರೂ ಒಂದು ಗಾಡಿನೂ ಕೊಡಬಾರದು."

ಚೆನ್ನೈನವನು ತಲೆಯಾಡಿಸಿದ. "ಯಾರು ಸಾರ್ ಆ ಮನುಷ್ಯ?" ಎಂದು ರಾಮಪ್ರಸಾದನನ್ನು ಕೇಳಿದ. ರಾಮಪ್ರಸಾದ್ ಬಿಳಿ ಪುಡಿ ಹತ್ತಿದ ಬೆರಳುಗಳನ್ನೇ ನೋಡುತ್ತ, "ಬಿಡಿ. ಯಾರಾದರೇನು? ಬಿಟ್ಟುಬಿಡಿ" ಎಂದ. ದನಿ ಒಡೆದಿತ್ತು. ಸೋಮಸುಂದರನ ಕಡೆಗೆ ಅವನು ಕಣ್ಣೆತ್ತಲಿಲ್ಲ.

ಕಪಾಟಿನ ಬುಡದಲ್ಲಿ ಅಂಗೈಯಗಲದ ಒಂದು ಹಿತ್ತಾಳೆ ಫಲಕವಿತ್ತು. ಆಡಿ ತಿಂಗಳಲ್ಲಿ ಬಟ್ಟೆ ಹಿಡಿದು ಸೋಮಸುಂದರನೇ ಅದನ್ನೂ ಒರೆಸಿದ್ದ. ಕನ್ನಡದ ಅಕ್ಷರ, ಮನೆದೇವರ ಹೆಸರೋ ರಾಮಪ್ರಸಾದನ ವಂಶಾವಳಿಯೋ ಇರಬೇಕೆಂದು ಅದರ ಮೇಲೇ ಪ್ಲಾಸ್ಟಿಕ್ ಸುತ್ತಿದ್ದ. ಮನೆಯಲ್ಲಿ ಆಡುವುದು ಕನ್ನಡವೇ ಆದರೂ ಅವನು ಕಲಿತದ್ದು ತಮಿಳು ಶಾಲೆಯಲ್ಲಿ, ಒಂದಕ್ಷರವೂ ಓದಲು ಬಾರದು. ವಿಜಯಕುಮಾರಿ ಬಗ್ಗಿ, "ಇದರಲ್ಲಿ ಏನು ಬರೆದಿದೆ?" ಎಂದರು. ಆ ಕೋಣೆಯಲ್ಲಿ ಅದನ್ನು ಓದಬಲ್ಲವರು ಸುಂದರಮ್ಮ ಒಬ್ಬರೇ; ಕಿವಿ ಮಂದವಾಗಿ, ಅಲ್ಲಿಯ ತನಕ ನಡೆದ ತಮಿಳಿನ ಮಾತನ್ನು ಅವರು ಅರ್ಧ ಮಾತ್ರ ಹಿಡಿದಿದ್ದರು. "ಬೇಡಮ್ಮ" ಎಂದ ರಾಮಪ್ರಸಾದ್. ಆದರೆ ಮುದುಕಿ ಸೆರಗಿನಿಂದ ಫಲಕ ಒರೆಸಿ, ಶಾಲೆಯ ಹುಡುಗಿಯಂತೆ ಬೆರಳಿಟ್ಟು ಗಟ್ಟಿಯಾಗಿ ಓದಿಬಿಟ್ಟರು: "ಈ ನಲವತ್ತೊಂದು ವಾಹನಗಳಿಗೆ ಮರುಜೀವ ಕೊಟ್ಟ ಕಲಾವಿದ, ಪಲ್ಲಡಂ ಸೋಮಸುಂದರಂ. ತೊಳೆದದ್ದು, ಎರಕ ಹೊಯ್ದದ್ದು, ಬಣ್ಣ ಹಚ್ಚಿದ್ದು ಎಲ್ಲ ಇವರೇ. ಬೇರೆ ಯಾರ ಕೈಯೂ ಇವನ್ನು ಮುಟ್ಟಿಲ್ಲ." ಉಳಿದವರಿಗೆ ಯಾರೋ ಅದನ್ನು ತಮಿಳಿನಲ್ಲಿ ಹೇಳಿದರು. ಹದಿನೈದು ಜನರ ಕಣ್ಣು ಸೋಮಸುಂದರನ ಕೈಗಳ ಮೇಲೆ ಬಂದು ನಿಂತವು. ನಾನು ಚೆನ್ನಾಗಿಯೇ ತೊಳೆದಿದ್ದೆ ಎಂದು ಕೂಗಬೇಕೆಂದು ಬಾಯಿ ತೆರೆದ. ಹಾಗಾದರೆ ಆಸಿಡ್ಡು ಎಲ್ಲಿಂದ ಬಂತು ಎಂಬ ಪ್ರಶ್ನೆಗೆ ಉತ್ತರ ಗೊತ್ತಿದ್ದವನು ಅಲ್ಲಿ ಅವನೊಬ್ಬನೇ. ಅವನ ಮುಖ ನೋಡಿ, ಸಂತೋಷಕ್ಕೆ ಹೀಗಾಗಿದೆಯೆಂದು ತಿಳಿದ ಸುಂದರಮ್ಮ ಅವನ ಹಣೆಗೆ ಕುಂಕುಮ ಇಡುತ್ತ ಹೇಳಿದರು: "ನಿಮಗೆ ಓದಕ್ಕೆ ಬರಲ್ಲ ಅಂತಾನೇ ಇದನ್ನ ಕನ್ನಡದಲ್ಲಿ ಕೆತ್ತಿಸಿದ್ದು ಸೋಮಣ್ಣ. ಇವತ್ತಿನ ತನಕ ನಿಮಗೆ ಗೊತ್ತಾಗಬಾರದು ಅಂತ."